ಹೊಸ ದೀಪಗಳ ಕೆಳಗೆ ಕಪ್ಪಾದ ಕಬ್ಬಿಣ

ಹೊಸೂರಿನ ಕೈಗಾರಿಕಾ ಪ್ರದೇಶದ ಉಕ್ಕಿನ ಭಾಗಗಳನ್ನು ಕಾಯಿಸಿ ಹದಗೊಳಿಸುವ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ನಾನು ಶಿಫ್ಟ್ ಇನ್‌ಚಾರ್ಜ್. ಕಳೆದ ಮಳೆಗಾಲದಲ್ಲಿ ನಮ್ಮ ಶೆಡ್ಡಿನ ಹಳೆಯ ಸೋಡಿಯಂ ದೀಪಗಳನ್ನು ಇಳಿಸಿ ಎಲ್‌ಇಡಿ ಹೈಬೇ ದೀಪಗಳನ್ನು ಹಾಕಿದರು. ಕರೆಂಟ್ ಬಿಲ್ ಇಳಿಯಿತು, ಗೇಜ್ ಓದುವುದು ಸುಲಭವಾಯಿತು, ಆಡಿಟ್‌ಗೆ ಬಂದವರು ಮೆಚ್ಚಿಕೊಂಡು ಹೋದರು. ಆದರೆ ಟೆಂಪರಿಂಗ್ ಬೇಯಲ್ಲಿ (ಗಟ್ಟಿಗೊಳಿಸಿದ ಉಕ್ಕನ್ನು ಮತ್ತೆ ಕಾಯಿಸಿ ಬಿರುಸು ತಗ್ಗಿಸುವ ಜಾಗ) ಯಾವ ಫಿಕ್ಸ್ಚರ್ (ಭಾಗಗಳನ್ನು ಜೋಡಿಸಿಡುವ ಲೋಹದ ಚೌಕಟ್ಟು) ಬಿಸಿಯಾಗಿದೆ ಎಂದು ಗುರುತಿಸಲು ನಮ್ಮವರು ವರ್ಷಗಳಿಂದ ನೆಚ್ಚಿಕೊಂಡಿದ್ದ ಆ ಮಂದ ಕೆಂಪು ಹೊಸ ಬೆಳಕಿನಲ್ಲಿ ಕಾಣದೇ ಹೋಯಿತು ಎಂಬುದನ್ನು ಮೇಲಿನವರು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಂದು ಬಿ ಶಿಫ್ಟ್. ಇಎನ್19 ಎಂಬ ಮಿಶ್ರಲೋಹ ಉಕ್ಕಿನ ಶಾಫ್ಟ್‌ಗಳ ಚಾರ್ಜ್ (ಒಂದು ಸಲಕ್ಕೆ ಕಾಯಿಸುವ ಲೋಡ್) 600 ಡಿಗ್ರಿಯಲ್ಲಿ ಸೋಕಿಂಗ್ ಮುಗಿಸಿ, ಎಂದರೆ ಅದೇ ಬಿಸಿಯಲ್ಲಿ ನಿಗದಿತ ಹೊತ್ತು ಇದ್ದು, ಪಿಟ್ ಫರ್ನೇಸ್‌ನಿಂದ ಹೊರಬಂದಿತ್ತು. ಕ್ರೇನ್ ಅದನ್ನು ಕೂಲಿಂಗ್ ಸ್ಟ್ಯಾಂಡಿನ ಮೇಲೆ ಇಳಿಸಿ ಕೆಲವು ನಿಮಿಷಗಳಾಗಿದ್ದವು. ಪಕ್ಕದ ಸ್ಟ್ಯಾಂಡಿನಲ್ಲಿ ಎ ಶಿಫ್ಟಿನವರು ಬಿಟ್ಟುಹೋಗಿದ್ದ, ಪೂರ್ತಿ ತಣ್ಣಗಾದ, ಅದೇ ಅಳತೆಯ ಇನ್ನೊಂದು ಫಿಕ್ಸ್ಚರ್ ಇತ್ತು. ಅದನ್ನು ಅನ್‌ಲೋಡ್ ಮಾಡಲು ಹೇಳಿಸಿಕೊಂಡು ಬಂದ ತಳಿ ಎಂಬ ಊರಿನ ಕಡೆಯ ಕಾಂಟ್ರಾಕ್ಟ್ ಹುಡುಗನ ಕಣ್ಣಿಗೆ ಎರಡೂ ಒಂದೇ ಕಪ್ಪು. ಹತ್ತಿರದಲ್ಲಿಯೇ ಫರ್ನೇಸ್ ಬಾಯಿ ತೆರೆದುಕೊಂಡಿದ್ದುದರಿಂದ, ಮುಖಕ್ಕೆ ಬಡಿಯುತ್ತಿದ್ದ ಶಾಖ ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದೂ ಸಾಧ್ಯವಿರಲಿಲ್ಲ. ಅವನು ಹತ್ತಿಯ ಗ್ಲೌಸ್ ಹಾಕಿದ್ದ ಕೈಯನ್ನು ಬಿಸಿ ಫಿಕ್ಸ್ಚರ್‌ನ ಕಡೆಗೆ ಚಾಚಿದ. ಮೇಲಿನಿಂದ ನೋಡುತ್ತಿದ್ದ ಕ್ರೇನ್ ಆಪರೇಟರ್ ಹಾರ್ನ್ ಒತ್ತಿಹಿಡಿದರು. ಹುಡುಗ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. ಬೆರಳ ತುದಿಯಲ್ಲಿ ಗ್ಲೌಸ್ ಕಂದಿ ಹೊಗೆಯಾಡುತ್ತಿತ್ತು. ಚರ್ಮಕ್ಕೆ ಏನೂ ಆಗಿರಲಿಲ್ಲ.

ನಾನು ಕ್ರೇನ್ ನಿಲ್ಲಿಸಿ, ಫರ್ನೇಸ್ ಮುಚ್ಚಳ ಹಾಕಿಸಿ, ಎಲ್ಲರನ್ನೂ ನಿಂತಲ್ಲೇ ನಿಲ್ಲಲು ಹೇಳಿ, ಆ ಬೇಯ ದೀಪಗಳನ್ನು ಆರಿಸಿದೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಒಗ್ಗುತ್ತಾ ಬಂದಂತೆ ಬಿಸಿ ಫಿಕ್ಸ್ಚರ್‌ನ ದಪ್ಪ ತಳ ಕಂಡೂ ಕಾಣದ ಹಾಗೆ ಕೆಂಪಗೆ ತೋರಿತು. ಅದರ ನಡುವಿನ ಪೈಪಿನ ರಂಧ್ರ ಮಾತ್ರ ಹೊರಮೈಗಿಂತ ಸ್ಪಷ್ಟವಾಗಿ ಹೊಳೆಯುತ್ತಿತ್ತು. ಒಳಗೋಡೆಗಳು ಒಂದರ ಬೆಳಕನ್ನು ಇನ್ನೊಂದಕ್ಕೆ ಕೊಟ್ಟುಕೊಳ್ಳುವುದರಿಂದ ಆಳವಾದ ರಂಧ್ರವು ಆ ಉಷ್ಣತೆಯಲ್ಲಿ ಹೊಮ್ಮಬಹುದಾದ ಗರಿಷ್ಠ ಬೆಳಕಿಗೆ ಹತ್ತಿರವಾಗುತ್ತದೆ. ಜೊತೆಗೆ ಒಳಭಾಗ ಆರುವುದೂ ನಿಧಾನ. ಹುಡುಗ ಆ ರಂಧ್ರವನ್ನೇ ನೋಡುತ್ತಾ ನಿಂತಿದ್ದ. ದೀಪ ಹಾಕಿದ ಕೂಡಲೇ ಎರಡೂ ಫಿಕ್ಸ್ಚರ್‌ಗಳು ಮತ್ತೆ ಒಂದೇ ಬಣ್ಣಕ್ಕೆ ಬಂದವು.

ಮರುದಿನದ ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ಮೀಟಿಂಗಿನಲ್ಲಿ ಹಿರಿಯರೊಬ್ಬರು, "ಕೆಂಪಗಿರಲಿಲ್ಲ ಎಂದರೆ ಅಷ್ಟೇನೂ ಬಿಸಿ ಇರಲಿಲ್ಲ" ಎಂದರು. ಈ ಮಾತನ್ನು ನಾನು ಒಪ್ಪಲಾರೆ. ಇದನ್ನು ಬರೆಯುತ್ತಿರುವುದೂ ಅದೇ ಕಾರಣಕ್ಕೆ.

ಯಾವ ಘನವಸ್ತುವೂ ಒಂದು ಉಷ್ಣತೆಗೆ ತಲುಪಿದ ಮೇಲಷ್ಟೇ ವಿಕಿರಣವನ್ನು ಶುರುಮಾಡುವುದಿಲ್ಲ. ಅದರೊಳಗಿನ ವಿದ್ಯುದಂಶವುಳ್ಳ ಕಣಗಳು ಸದಾ ಕದಲುತ್ತಿರುತ್ತವೆ ಮತ್ತು ಆ ಕದಲಿಕೆಯಿಂದ ವಿಕಿರಣ ಸದಾ ಹೊಮ್ಮುತ್ತಿರುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಅದೆಲ್ಲವೂ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್). 1893ರಲ್ಲಿ ಜರ್ಮನಿಯ ಭೌತವಿಜ್ಞಾನಿ ವೀನ್ ಕಂಡುಕೊಂಡ ನಿಯಮದಂತೆ ಲೆಕ್ಕ ಹಾಕಿದರೆ 600 ಡಿಗ್ರಿಯ ಉಕ್ಕಿನ ವಿಕಿರಣದ ಶಿಖರ ಸುಮಾರು 3.3 ಮೈಕ್ರೊಮೀಟರಿನ ತರಂಗಾಂತರದಲ್ಲಿರುತ್ತದೆ. ನಮ್ಮ ಕಣ್ಣು ಕಾಣುವ ಕೆಂಪಿನ ಅಂಚು 0.7 ಮೈಕ್ರೊಮೀಟರಿನ ಆಸುಪಾಸು. ಎಂದರೆ, ನಾವು ಕೆಂಪು ಕಾವು ಎನ್ನುವುದು ಆ ದೊಡ್ಡ ಅವಗೆಂಪು ರಾಶಿಯ ತೀರ ತೆಳುವಾದ ಒಂದು ತುದಿ ಮಾತ್ರ. ಬೆಳಕಿನ ಶಕ್ತಿ ಕಂತುಕಂತಾಗಿ ಹೊಮ್ಮುತ್ತದೆ ಎಂದು 1900ರಲ್ಲಿ ಭೌತವಿಜ್ಞಾನಿ ಪ್ಲಾಂಕ್ ತೋರಿಸಿದ ಮೇಲೆ ಆ ತುದಿ ಅಷ್ಟು ತೆಳುವಾಗಿರಲು ಕಾರಣವೂ ತಿಳಿಯಿತು: ಕೆಂಪು ಬೆಳಕಿನ ಒಂದು ಕಂತು ದೊಡ್ಡದು, ಈ ಉಷ್ಣತೆಯಲ್ಲಿ ಅಷ್ಟು ಶಕ್ತಿ ಒಂದೆಡೆ ಕೂಡಿಬರುವುದು ಬಲು ಅಪರೂಪ.

ಈ ತುದಿಯ ಸ್ವಭಾವವೇ ಅಪಾಯಕ್ಕೆ ಮೂಲ. ಫಿಕ್ಸ್ಚರ್ 600ರಿಂದ 500 ಡಿಗ್ರಿಗೆ ಇಳಿದಾಗ ಅದು ಹೊಮ್ಮಿಸುವ ಒಟ್ಟು ಶಾಖವಿಕಿರಣದಲ್ಲಿ ಐದರಲ್ಲಿ ಮೂರು ಪಾಲು ಹಾಗೆಯೇ ಉಳಿದಿರುತ್ತದೆ. ಆದರೆ 0.65 ಮೈಕ್ರೊಮೀಟರಿನ ಕೆಂಪು ಬೆಳಕು ಇಪ್ಪತ್ತೈದರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿದಿರುತ್ತದೆ. ಬೆಳಕು ಓಡಿಹೋಗುತ್ತದೆ, ಶಾಖ ಕುಳಿತಿರುತ್ತದೆ. ಅಮೆರಿಕದ ವಿಜ್ಞಾನಿ ಜಾನ್ ವಿಲಿಯಂ ಡ್ರೇಪರ್ 1847ರಲ್ಲಿ ಬೇರೆ ಬೇರೆ ವಸ್ತುಗಳನ್ನು ಕಾಯಿಸಿ ನೋಡಿ, ಬಹುತೇಕ ಎಲ್ಲವೂ ಸುಮಾರು 525 ಡಿಗ್ರಿಯಲ್ಲಿ ಕೆಂಪಗೆ ಕಾಣತೊಡಗುತ್ತವೆ ಎಂದು ಪ್ರಕಟಿಸಿದರು. ಅದು ಕತ್ತಲೆಯಲ್ಲಿ ನೋಡುವ ಕಣ್ಣಿನ ಲೆಕ್ಕ. ಹೈಬೇ ದೀಪದ ಕೆಳಗೆ ಆ ಮಿತಿ ಇನ್ನೂ ಎಷ್ಟೋ ಮೇಲಕ್ಕೆ ಹೋಗುತ್ತದೆ, ಏಕೆಂದರೆ ಲೋಹದ ಮೈಯಿಂದ ಪ್ರತಿಫಲಿಸುವ ದೀಪದ ಬೆಳಕಿನಲ್ಲಿ ಅದರ ಸ್ವಂತ ಕೆಂಪು ಮುಳುಗಿಹೋಗುತ್ತದೆ. ಮನೆಯ ದೋಸೆಕಾವಲಿ ಎಂದೂ ಕೆಂಪಾಗುವುದಿಲ್ಲ, ಆದರೂ ಯಾರೂ ಅದರ ಮೇಲೆ ಕೈಯಿಡುವುದಿಲ್ಲ. ಶಾಪಿನಲ್ಲಿ ಮಾತ್ರ ನಾವು ಬಣ್ಣ ಬರಲಿ ಎಂದು ಕಾಯುತ್ತೇವೆ.

ಮೀಟಿಂಗಿನಲ್ಲಿ ಬಂದ ಪರಿಹಾರಗಳೂ ಸಮಾಧಾನ ತರಲಿಲ್ಲ. "ನೀಲಿ ಬಣ್ಣ ಬಂದಿದೆಯೇ ನೋಡಿ" ಎಂದು ಒಬ್ಬರು ಹೇಳಿದರು. ಆ ನೀಲಿ 300 ಡಿಗ್ರಿಯ ಸುಮಾರಿಗೆ ಉಕ್ಕಿನ ಮೇಲೆ ಕೂಡುವ ಆಕ್ಸೈಡ್ ಪೊರೆಯ ಬಣ್ಣ; ಲೋಹ ತಣ್ಣಗಾದ ಮೇಲೂ ಅಳಿಸಿಹೋಗುವುದಿಲ್ಲ, ಆದ್ದರಿಂದ ಈಗಿನ ಬಿಸಿಯ ಬಗ್ಗೆ ಅದು ಏನನ್ನೂ ಹೇಳದು. ಸ್ಟೋರಿನವರು ಮುಟ್ಟದೆಯೇ ವಿಕಿರಣದಿಂದ ಬಿಸಿ ಅಳೆಯುವ ಐಆರ್ ಗನ್ ತರಿಸಿಕೊಟ್ಟರು. ಅದರ ಎಮಿಸಿವಿಟಿ (ಮೈ ಎಷ್ಟು ಚೆನ್ನಾಗಿ ವಿಕಿರಣ ಹೊಮ್ಮಿಸುತ್ತದೆ ಎಂಬ ಅಂಕಿ) 0.95ಕ್ಕೆ ಕಟ್ಟಿಹಾಕಿದ್ದು, ಬದಲಿಸಲು ಬಾರದು. ಸ್ಕೇಲ್ (ದಪ್ಪ ಆಕ್ಸೈಡ್ ಪದರ) ಹಿಡಿದ ಹಳೆಯ ಫಿಕ್ಸ್ಚರ್ ಮೇಲೆ ಅದು ಸರಿಸುಮಾರು ನಿಜ ಹೇಳುತ್ತದೆ. ಗ್ರೈಂಡ್ ಮಾಡಿದ ಹೊಳೆಯುವ ಶಾಫ್ಟ್ ಮೇಲೆ ಹಿಡಿದರೆ ತೀರಾ ಕಡಿಮೆ ಅಂಕಿ ತೋರಿಸುತ್ತದೆ. ಹೊಳೆಯುವ ಲೋಹ ಅದೇ ಬಿಸಿಯಲ್ಲಿ ಕಡಿಮೆ ವಿಕಿರಣವನ್ನು ಹೊಮ್ಮಿಸುತ್ತದೆ, ಗನ್ ಅದನ್ನು ತಂಪು ಎಂದು ತಿಳಿಯುತ್ತದೆ. ತಪ್ಪು ಅಂಕಿ ತೋರಿಸುವ ಉಪಕರಣವನ್ನು ಹೊಸ ಹುಡುಗರ ಕೈಗೆ ಕೊಡುವುದಕ್ಕಿಂತ ಕೊಡದಿರುವುದೇ ಮೇಲು ಎಂದು ನಾನು ಲಿಖಿತವಾಗಿ ತಿಳಿಸಿದ್ದೇನೆ. ಗೋಡೆಯ ಮೇಲಿನ ಸುರಕ್ಷತಾ ಪೋಸ್ಟರಿನಲ್ಲಿ ಕೆಂಡದಂತೆ ಹೊಳೆಯುವ ಸರಳಿನ ಚಿತ್ರವಿದೆ. ಅಂತಹ ಸರಳನ್ನು ಮುಟ್ಟಲು ಹೋಗುವವನು ಯಾರೂ ಇಲ್ಲ. ಅಲ್ಲಿ ಇರಬೇಕಾದದ್ದು ಒಂದು ಕಪ್ಪು ಫಿಕ್ಸ್ಚರ್‌ನ ಚಿತ್ರ.

ಸದ್ಯಕ್ಕೆ ಬಿ ಶಿಫ್ಟಿನಲ್ಲಿ ನಾವೇ ಒಂದು ಕ್ರಮ ಮಾಡಿಕೊಂಡಿದ್ದೇವೆ. ಬಿಸಿ ಚಾರ್ಜ್ ಇಳಿಯುವ ಸ್ಟ್ಯಾಂಡ್‌ಗಳೂ ಅನ್‌ಲೋಡಿಂಗ್ ಸ್ಟ್ಯಾಂಡ್‌ಗಳೂ ಈಗ ಅಕ್ಕಪಕ್ಕದಲ್ಲಿಲ್ಲ, ನಡುವೆ ಸರಪಳಿ ಎಳೆದಿದೆ. ಫರ್ನೇಸ್‌ನಿಂದ ಹೊರಬಂದ ಸಮಯವನ್ನು ಸ್ಲೇಟಿನ ಮೇಲೆ ಬರೆದು ಫಿಕ್ಸ್ಚರ್‌ನ ಎದುರಿಗೆ ತೂಗುಹಾಕುತ್ತೇವೆ. ದಪ್ಪ ತಳಕ್ಕೆ ಮುಟ್ಟಿಸಿ ಬಿಸಿ ಅಳೆಯುವ ಕಾಂಟ್ಯಾಕ್ಟ್ ಪ್ರೋಬ್ ಒತ್ತಿ ಹಿಡಿದು, ಅಂಕಿ 45 ಡಿಗ್ರಿಗಿಂತ ಕೆಳಗೆ ನಿಂತ ಮೇಲೆಯೇ ಕೆಲಸದ ಹಂತಗಳನ್ನು ದಾಖಲಿಸುವ ರೂಟ್ ಕಾರ್ಡಿಗೆ ಸಹಿ. ಇರುವ ಒಂದು ಪ್ರೋಬನ್ನು ಕ್ವಾಲಿಟಿಯವರೂ ಬಳಸುತ್ತಾರೆ. ಎರಡನೆಯದರ ಇಂಡೆಂಟ್ (ಖರೀದಿ ಬೇಡಿಕೆ ಪತ್ರ) ಪರ್ಚೇಸ್ ವಿಭಾಗದಲ್ಲಿದೆ. ಪ್ರತಿ ಸೋಮವಾರ ಅಲ್ಲಿಗೆ ಹೋಗಿ ಕೇಳುತ್ತಿದ್ದೇನೆ, ಅದು ಕೈಗೆ ಬರುವವರೆಗೂ ಕೇಳುತ್ತೇನೆ.