ಅಪ್ಪ ಕೇಳಿದ ಸೇತುವೆ

ಅಕ್ಟೋಬರ್ 18, 2025, ಶನಿವಾರ
ಬಿಲ್ಬಾವೊ, ಸ್ಪೇನ್

ಬೆಳಿಗ್ಗೆ ತೆಗೆದ ಪನೋರಮಾ ಜೋಡಿಸಿ ಮುಗಿಸಿ ಸಂಜೆ ಊರಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೇ ಅಪ್ಪನ ಫೋನು.

"ಚೆನ್ನಾಗಿ ಬಂದಿದೆ ಕಣಮ್ಮ. ಆ ಸೇತುವೆ ಯಾಕೆ ಬಗ್ಗಿದೆ?"

ಗುಗೆನ್‌ಹೈಮ್ ಮ್ಯೂಸಿಯಂ ಬಗ್ಗೆ ಒಂದು ಮಾತೂ ಇಲ್ಲ. 1997ರಲ್ಲಿ ಇದೇ ಅಕ್ಟೋಬರ್ 18ಕ್ಕೆ ಉದ್ಘಾಟನೆಯಾದ ಕಟ್ಟಡ ಅಂತ ನಾನು ಇವತ್ತೇ ಹೋಗಿ ತೆಗೆದಿದ್ದು. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿಯ ಆ ಟೈಟಾನಿಯಂ ತಗಡಿನ ಗೋಡೆಗಳಲ್ಲಿ ನೆಟ್ಟಗಿರೋದು ಹುಡುಕಿದರೂ ಸಿಗೋದು ಕಷ್ಟ. ಲೆನ್ಸ್ ಎಷ್ಟು ಬಗ್ಗಿಸಿದೆ, ಗೆಹ್ರಿ ಎಷ್ಟು ಬಗ್ಗಿಸಿದ ಅಂತ ಫೋಟೋ ನೋಡಿ ಹೇಳೋಕಾಗಲ್ಲ. ಪಕ್ಕದ ಲಾ ಸಾಲ್ವೆ ಸೇತುವೆ ಹಾಗಲ್ಲ. 1972ರದ್ದು, ಹಡಗು ಹೋಗಲಿ ಅಂತ ಎತ್ತರಕ್ಕೆ ಕಟ್ಟಿದ್ದು. ಅದರ ಡೆಕ್, ಅಂದರೆ ರಸ್ತೆಯ ಹಾಸು, ಬಾಗಿದ್ದರೆ ಜೀವಮಾನವೆಲ್ಲ ಲೋಕೋಪಯೋಗಿಯಲ್ಲಿ ಸೇತುವೆ ಕಟ್ಟಿಸಿದವರ ಕಣ್ಣಿಗೆ ಬೀಳದೆ ಇರುತ್ತಾ?

"ಕಂಬ ನೆಟ್ಟಗೇ ಇದೆ. ಆ ಕೆಂಪು ಕಮಾನೂ ಸರಿಯಾಗೇ ನಿಂತಿದೆ. ಡೆಕ್ ಮಾತ್ರ ಬಾಗಿದೆ" ಅಂದರು. ಸೇತುವೆ ಮೇಲಿನ ಆ ಕೆಂಪು ಕಮಾನು ಕಲಾವಿದ ಡಾನಿಯಲ್ ಬ್ಯುರೆನ್ ಮಾಡಿದ್ದು, ಮ್ಯೂಸಿಯಂಗೆ ಹತ್ತು ವರ್ಷ ತುಂಬಿದಾಗ, 2007ರಲ್ಲಿ ಬಂತು.

ನಾನು ವಿವರಿಸಿದೆ. ಮ್ಯೂಸಿಯಂಗೆ ಎದುರು, ನದಿಯ ದೆಉಸ್ತೊ ಕಡೆ ದಡದಲ್ಲಿ ಟ್ರೈಪಾಡ್ ಇಟ್ಟು, ಕ್ಯಾಮೆರಾ ಉದ್ದುದ್ದ ನಿಲ್ಲಿಸಿ, ಒಂದು ಫ್ರೇಮಿನ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರುವ ಹಾಗೆ ತಿರುಗಿಸುತ್ತಾ ಹೋಗ್ತೀನಿ. ತಿರುಗೋದು ಟ್ರೈಪಾಡಿನ ನಡುವಿಗಲ್ಲ, ಲೆನ್ಸಿನೊಳಗಿನ ಒಂದು ಬಿಂದುವಿಗೆ. ಅದು ತಪ್ಪಿದರೆ ಎದುರಿನ ರೇಲಿಂಗ್ ಕಂಬಿಗಳು ಒಂದಕ್ಕೊಂದು ಕೂಡಲ್ಲ. ಆಮೇಲೆ ಎಲ್ಲವನ್ನೂ ಒಂದು ಸಿಲಿಂಡರಿನ ಒಳಮೈಗೆ ಅಂಟಿಸಿ, ಬಿಚ್ಚಿ ಚಪ್ಪಟೆ ಮಾಡಿದ ಹಾಗೆ. ನೆಟ್ಟನೆ ನಿಂತ ಗೆರೆ ನೆಟ್ಟಗೇ ಉಳಿಯುತ್ತೆ. ಅಡ್ಡ ಗೆರೆ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ಮೇಲಕ್ಕೆ ಉಬ್ಬುತ್ತೆ, ಕೆಳಗಿದ್ದರೆ ಕೆಳಕ್ಕೆ.

"ಅದಕ್ಕೇ ನದಿ ದಡ ಜೋತುಬಿದ್ದಿರೋದು" ಅಂದರು ಅಪ್ಪ. ಖುಷಿಯಾಗಿದ್ದರು.

ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯಿತು ನನಗೆ. ಅಪ್ಪನ ಕಣ್ಣಿಗೆ ಗ್ಲಾಕೋಮಾ ಅಂತ ಗೊತ್ತಾದ ಮೇಲೆ ನಾನು ಪನೋರಮಾ ಕಳಿಸೋಕೆ ಶುರು ಮಾಡಿದ್ದು. ಪಕ್ಕದ ನೋಟ ಹೋಗ್ತಾ ಇದೆ. ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸಿಕೊಳ್ಳೋಕೆ ಡ್ರಾಪ್ಸ್ ಅಂದಿದ್ದಾರೆ ಡಾಕ್ಟರು. ಅಮ್ಮ ಟ್ಯಾಬ್ ಹಿಡಿದು ದೊಡ್ಡದು ಮಾಡಿ ಕೊಡ್ತಾಳೆ, ಅಪ್ಪ ಬೆರಳಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದುಕೊಂಡು ನೋಡ್ತಾರೆ. ಸೇತುವೆ, ಟೈಟಾನಿಯಂ, ದಡದ ಮೇಲಿನ ಶಿಲ್ಪಿ ಲೂಯೀಸ್ ಬೂರ್ಜ್ವಾಳ ಜೇಡದ ಶಿಲ್ಪ, ಕಾಲ್ಸೇತುವೆ, ಕೊನೆಗೆ 165 ಮೀಟರಿನ ಇಬೆರ್‌ದ್ರೋಲಾ ಗೋಪುರ. ಹಾಗೆ ನೋಡೋಕೆ ಬದಿಯ ನೋಟ ಬೇಕಾಗಿಲ್ಲ. ಅಗಲ ನೋಟದ ಲೆನ್ಸಿನ ಒಂದೇ ಫೋಟೋಗಿಂತ ಇದು ಅವರಿಗೆ ಎಷ್ಟೋ ಒಳ್ಳೇದು, ನನಗೆ ಗೊತ್ತು. ಕಳಿಸ್ತಾ ಇರ್ತೀನಿ.

"ಅಲ್ಲಿ ಮೊದಲು ಏನಿತ್ತು?"

ಗೋದಾಮು, ಹಡಗುಕಟ್ಟೆ, ರೈಲಿನ ಸರಕು ಯಾರ್ಡು ಅಂದೆ. ಆಚೆ ಕಡೆ ಎಉಸ್ಕಲ್ದುನಾ ಹಡಗು ಕಾರ್ಖಾನೆ ಎಂಬತ್ತರ ದಶಕದಲ್ಲಿ ಮುಚ್ಚಿತು, ಕೆಲಸಗಾರರು ಬೀದಿಗಿಳಿದು ಹೋರಾಡಿದರು. ಈಗ ಅಲ್ಲಿ ಸಂಗೀತ ಸಭಾಂಗಣ, ಕಡಲ ಮ್ಯೂಸಿಯಂ. ಅಪ್ಪ ಮಾತಾಡಲಿಲ್ಲ. ಆಮೇಲೆ ಮ್ಯೂಸಿಯಂ ಗೋಡೆಯ ತಗಡು ಎಷ್ಟು ದಪ್ಪ ಅಂತ ಕೇಳಿದರು. ಅರ್ಧ ಮಿಲಿಮೀಟರೂ ಇಲ್ಲ ಅಂದಾಗ "ಹೌದಾ!" ಅಂತ ಅಮ್ಮನಿಗೂ ಕೂಗಿ ಹೇಳಿದರು.

ಇವರು ಊಟಕ್ಕೆ ಕರೀತಿದ್ದರು. ಇಡೋಣ ಅನ್ನೋಷ್ಟರಲ್ಲಿ ಅಪ್ಪನೇ, "ಒಂದು ನಿಮಿಷ. ಇದನ್ನ ಉದ್ದಕ್ಕೆ ಪ್ರಿಂಟ್ ಹಾಕಿಸಿ, ಸುತ್ತಿ ನಿಲ್ಲಿಸಿ, ನಡುವೆ ತಲೆ ಇಟ್ಟು ನೋಡಿದ್ರೆ ಸೇತುವೆ ನೆಟ್ಟಗಾಗಬೇಕಲ್ವಾ?"

ಆಗುತ್ತೆ! ಕಣ್ಣು ಸರಿಯಾಗಿ ನಡುವಿದ್ದರೆ, ನಾನು ನಿಂತಿದ್ದ ಜಾಗದಿಂದ ಕಂಡ ಹಾಗೇ ಕಾಣುತ್ತೆ. ಇಷ್ಟು ವರ್ಷ ಸ್ಕ್ರೀನಿನ ಮೇಲೇ ನೋಡಿದ ನನಗೆ ಇದು ಹೊಳೆದೇ ಇರಲಿಲ್ಲ. ಒಂದು ಮೀಟರ್ ಅಗಲದ ಸುರುಳಿ ಅಂದರೆ ಸುತ್ತಳತೆ ಮೂರು ಮೀಟರು ಚಿಲ್ಲರೆ. ನಾಳೆಯೇ ಫ್ಲೆಕ್ಸ್ ಅಂಗಡಿಗೆ ಹೋಗ್ತೀನಿ ಅಂತಾರೆ. ಪ್ಲಾಸ್ಟಿಕ್ ಬೇಡ ಅಪ್ಪ, ಹೊಳೆಯುತ್ತೆ, ಮ್ಯಾಟ್ ಕಾಗದ ಕೇಳಿ ಅಂದೆ.

"ಆದ್ರೆ ಇದು ಅರ್ಧ ಸುತ್ತು ತಾನೇ? ನಿನ್ನ ಬೆನ್ನ ಹಿಂದೆ ಏನಿದೆ?"

ಬೆನ್ನ ಹಿಂದೆ ದೆಉಸ್ತೊ ವಿಶ್ವವಿದ್ಯಾಲಯದ ಹಳೇ ಕಟ್ಟಡ, ಅದರ ಮೇಲೆ ಆರ್ಚಾಂದಾ ಗುಡ್ಡ. ನದಿ ಕಡೆ ಮುಖ ಮಾಡಿ ಎಲ್ಲರೂ ತೆಗೆಯೋದೇ ತೆಗೆಯುತ್ತಾರೆ, ಆ ಅರ್ಧವೂ ಸಿಕ್ಕರೆ ಊರು ಪೂರ್ತಿಯಾಗುತ್ತೆ. ನಾಳೆ ಮೋಡ ಹೀಗೇ ಇದ್ದರೆ ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಟ್ರೈಪಾಡ್ ಇಟ್ಟು ಪೂರ್ತಿ ಸುತ್ತು ತೆಗೀಬೇಕು. ಕಡಲಿನ ಉಬ್ಬರವಿಳಿತ ಇಲ್ಲಿವರೆಗೂ ಬರುತ್ತೆ, ನೀರಿನ ಮಟ್ಟ ಇವತ್ತಿನ ಹಾಗೆ ಇರಲ್ಲ. ಹಾಗಾಗಿ ಎಲ್ಲಾ ಹೊಸದಾಗೇ. ಗುಡ್ಡಕ್ಕೂ ಟೈಟಾನಿಯಂಗೂ ಒಂದೇ ಎಕ್ಸ್‌ಪೋಷರ್ ಸಾಕಾಗುತ್ತಾ, ಇಲ್ಲ ಪ್ರತಿ ಫ್ರೇಮನ್ನೂ ಬೆಳಕು ಹೆಚ್ಚು ಕಡಿಮೆ ಮಾಡಿ ಮೂರು ಮೂರು ಸಲ ತೆಗೀಬೇಕಾ, ನಾಳೆ ನೋಡಬೇಕು.