‘ಎಲ್ಲಿ’ ಅಲ್ಲ, ‘ಏಕೆ’

ಅಂದು ಇಂಗ್ಲಿಷ್ ತರಗತಿಯಲ್ಲಿ ಷೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದ ಎರಡನೆಯ ಅಂಕದ ಮೇಲೆ ಪ್ರಶ್ನೋತ್ತರ ಬರೆಸುತ್ತಿದ್ದೆ. ಬೆಂಚುಗಳ ನಡುವೆ ಓಡಾಡುತ್ತ ಮಕ್ಕಳ ಪುಸ್ತಕಗಳತ್ತ ಕಣ್ಣಾಡಿಸುತ್ತಿದ್ದವನು ಒಬ್ಬ ವಿದ್ಯಾರ್ಥಿನಿಯ ಬಳಿ ನಿಂತುಬಿಟ್ಟೆ. ‘ವೇರ್‌ಫೋರ್ ಆರ್ಟ್ ದೌ ರೋಮಿಯೊ’ ಎಂಬ ಸಾಲಿನ ಮೇಲೆ ಅವಳು ಪೆನ್ಸಿಲಿನಲ್ಲಿ ಒಂದೊಂದು ಪದದ ಅರ್ಥವನ್ನೂ ಸಣ್ಣದಾಗಿ ಬರೆದುಕೊಂಡಿದ್ದಳು: ‘ಎಲ್ಲಿ’, ‘ಕಲೆ’, ‘ನೀನು’. ಜೂಲಿಯೆಟ್ ಕತ್ತಲಲ್ಲಿ ರೋಮಿಯೊನನ್ನು ಹುಡುಕುತ್ತಿದ್ದಾಳೆ ಎಂಬುದು ಅವಳ ಉತ್ತರವಾಗಿತ್ತು. ಅಕ್ಕಪಕ್ಕದ ನಾಲ್ಕೈದು ಪುಸ್ತಕಗಳಲ್ಲಿಯೂ ಅದೇ ಉತ್ತರವಿತ್ತು.

ಈ ನಾಟಕ ಮೊದಲು ಅಚ್ಚಾದದ್ದು 1597ರಲ್ಲಿ. ಅಷ್ಟು ಹಿಂದಿನ ಪದಗಳಲ್ಲಿ ಅಪರಿಚಿತವಾದವು ಮಕ್ಕಳಿಗೆ ಅಷ್ಟಾಗಿ ತೊಡಕಾಗುವುದಿಲ್ಲ, ಏಕೆಂದರೆ ಅವುಗಳಿಗಾಗಿ ಅವರು ನಿಘಂಟು ತೆರೆಯುತ್ತಾರೆ. ಪರಿಚಿತವೆಂದು ತೋರುವ ಪದಗಳೇ ಅವರನ್ನು ದಾರಿ ತಪ್ಪಿಸುತ್ತವೆ. ಸರಿಯಾದ ಅರ್ಥವನ್ನು ಕರಿಹಲಗೆಯ ಮೇಲೆ ಬರೆದುಬಿಡುವುದು ಸುಲಭವಿತ್ತು, ಆದರೆ ಹಾಗೆ ಕೊಟ್ಟ ಅರ್ಥ ಪರೀಕ್ಷೆಯವರೆಗೂ ನಿಲ್ಲದಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆದ್ದರಿಂದ ಇಲ್ಲಿ ‘ಆರ್ಟ್’ ಎಂಬುದು ‘ದೌ’ ಜೊತೆಗೆ ಬರುತ್ತಿದ್ದ ಕ್ರಿಯಾಪದ, ಇಂದಿನ ‘ಆರ್’ ಇದ್ದಂತೆ ಎಂದಷ್ಟೇ ತಿಳಿಸಿ, “ವೇರ್‌ಫೋರ್‌ಗೆ ಜೋಡಿಯಾದ ಪದವೊಂದನ್ನು ನೀವು ಗಣಿತದಲ್ಲಿ ಬರೆಯುತ್ತೀರಿ, ಅದು ಯಾವುದು?” ಎಂದು ಕೇಳಿದೆ.

ಕೆಲಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅದೇ ಹುಡುಗಿ ಬೆರಳ ತುದಿಯಿಂದ ಬೆಂಚಿನ ಮೇಲೆ ತ್ರಿಕೋನದಂತೆ ಮೂರು ಚುಕ್ಕಿಗಳನ್ನಿಟ್ಟು, “ದೇರ್‌ಫೋರ್” ಎಂದಳು. ಒಂದು ಕ್ಷಣ ಬಿಟ್ಟು, “ಅದರ ಅರ್ಥ ‘ಆದ್ದರಿಂದ’. ಹಾಗಿದ್ದರೆ ಇದು ‘ಏಕೆ’ ಅಲ್ಲವೇ ಸರ್?” ಎಂದು ಕೇಳಿದಳು. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಅಡಗಿಸಿಕೊಳ್ಳಲು ಆಗಲಿಲ್ಲ.

ಎಲ್ಲರೂ ಸೇರಿ ಆ ಭಾಗವನ್ನು ಮತ್ತೆ ಓದಿದೆವು. ರೋಮಿಯೊ ಕೆಳಗೆ ತೋಟದಲ್ಲಿಯೇ ನಿಂತಿರುವುದು ಜೂಲಿಯೆಟ್‌ಗೆ ತಿಳಿದಿಲ್ಲ. ಅವನು ಎಲ್ಲಿದ್ದಾನೆಂಬುದು ಅವಳ ಪ್ರಶ್ನೆಯೂ ಅಲ್ಲ. ಇಬ್ಬರ ಮನೆತನಗಳ ನಡುವೆ ವೈರವಿರುವುದರಿಂದ, ನೀನೇಕೆ ರೋಮಿಯೊ ಆಗಿರಬೇಕಿತ್ತು ಎಂಬುದು ಅವಳ ಸಂಕಟ. ಮುಂದಿನ ಸಾಲಿನಲ್ಲಿಯೇ ಅವಳು ತಂದೆಯನ್ನು ಅಲ್ಲಗಳೆ, ಹೆಸರನ್ನು ತೊರೆದುಬಿಡು ಎನ್ನುತ್ತಾಳೆ. ‘ಎಲ್ಲಿ’ ಎಂದು ಓದಿಕೊಂಡವರಿಗೆ ಆ ಮಾತಿಗೆ ಆಧಾರವೇ ಸಿಗುವುದಿಲ್ಲ.

ಹುಡುಗಿ ‘ಕಲೆ’ಯನ್ನೂ ‘ಎಲ್ಲಿ’ಯನ್ನೂ ರಬ್ಬರಿನಿಂದ ಅಳಿಸಿ, ತಲೆಯೆತ್ತಿ, “ಸರ್, ವೈರವಿರುವುದು ಮಾಂಟೆಗ್ಯೂ ಎಂಬ ರೋಮಿಯೊನ ಮನೆತನದ ಹೆಸರಿನ ಮೇಲೆ. ಹಾಗಾದರೆ ಅವಳು ‘ನೀನೇಕೆ ಮಾಂಟೆಗ್ಯೂ’ ಎಂದು ತಾನೇ ಕೇಳಬೇಕಿತ್ತು?” ಎಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಆ ಪ್ರಶ್ನೆಯನ್ನು ನನ್ನ ಪುಸ್ತಕದ ಅಂಚಿನಲ್ಲಿ ಬರೆದುಕೊಂಡು, ಮರುದಿನದ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ.