ಪುಟದ ಮೇಲಿನ ಆ ಒಂದು ಸಾಲು

ಪೀಣ್ಯದ ಹತ್ತಿರ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕ್ಲಾಸಲ್ಲಿ 38 ಮಕ್ಕಳು. ಸುಮಾರು ಮಕ್ಕಳ ಅಪ್ಪ ಅಮ್ಮ ಗಾರ್ಮೆಂಟ್ಸ್‌ಗೋ ಫ್ಯಾಕ್ಟರಿಗೋ ಹೋಗುವವರು. ಮನೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು. ಇಂಗ್ಲಿಷ್ ಅವರ ಕಿವಿಗೆ ಸರಿಯಾಗಿ ಬೀಳುವುದು ನನ್ನ 40 ನಿಮಿಷದ ಪೀರಿಯಡ್‌ನಲ್ಲಿ ಮಾತ್ರ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಯಿಂದ ಎರಡು ರಿಸೋರ್ಸ್ ಬುಕ್ ತಂದಿದ್ದೆ. ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಟೀಚರ್‌ಗಳಿಗೆಂದೇ ಬರೆದ ಪುಸ್ತಕಗಳು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನವರು ಇಂಥವುಗಳ ಸರಣಿಯನ್ನೇ ತಂದಿದ್ದಾರೆ. ಆಟ, ಹಾಡು, ಕಥೆ, ಕರಕುಶಲ ಎಲ್ಲಾ ಇರುತ್ತದೆ. ಒಂದೊಂದು ಚಟುವಟಿಕೆಯ ಮೇಲೂ ಒಂದು ಚಿಕ್ಕ ಪಟ್ಟಿ: ಎಷ್ಟು ವಯಸ್ಸಿನವರಿಗೆ, ಎಷ್ಟು ಹೊತ್ತು, ಏನು ಸಾಮಾನು ಬೇಕು, ಮಕ್ಕಳು ಇಂಗ್ಲಿಷಿನಲ್ಲಿ ಯಾವ ಮಾತು ಬಳಸುತ್ತಾರೆ. ನಾನು ಸಾಮಾನಿನ ಸಾಲು ಮಾತ್ರ ಓದುತ್ತಿದ್ದೆ. ಚಾರ್ಟ್ ಪೇಪರ್ ಇದೆಯಾ, ಗಮ್ ಇದೆಯಾ, ಸರಿ, ಇವತ್ತು ಇದನ್ನೇ ಮಾಡಿಸೋಣ ಅಂತ.

ಒಂದು ದಿನ ಪ್ರಾಣಿಗಳ ಮುಖವಾಡ ಮಾಡಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ. ಕೊನೇ ಬೆಂಚಿನಲ್ಲಿ ನಮ್ಮ ಶಾಲೆಯ ಹಿರಿಯ ಮೇಡಂ ಒಬ್ಬರು ಕೂತು ನೋಡುತ್ತಿದ್ದರು. ಬೆಲ್ ಹೊಡೆದ ಮೇಲೆ ನೋಟ್‌ಬುಕ್ಕಿನ ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಬರೀ ಗೀಟುಗಳು. ಮಕ್ಕಳು ಇಂಗ್ಲಿಷಿನಲ್ಲಿ ಬಾಯಿ ಬಿಟ್ಟಾಗಲೆಲ್ಲ ಒಂದು ಗೀಟು ಎಳೆದಿದ್ದರು. 38 ಮಕ್ಕಳು, 40 ನಿಮಿಷ, 11 ಗೀಟು. ಅದರಲ್ಲೂ ಹೆಚ್ಚಿನವು "ಲಯನ್", "ಟೈಗರ್" ಅನ್ನುವ ಒಂದೊಂದೇ ಪದ. ಉಳಿದ ಹೊತ್ತೆಲ್ಲ "ಮಿಸ್, ಗಮ್ಮು ಖಾಲಿ", "ಮಿಸ್, ಇವನು ಕತ್ತರಿ ಕೊಡ್ತಿಲ್ಲ".

"ಕ್ರಾಫ್ಟ್ ಕ್ಲಾಸ್ ಚೆನ್ನಾಗಿತ್ತಮ್ಮ. ಇಂಗ್ಲಿಷ್ ಕ್ಲಾಸ್ ಯಾವಾಗ?" ಅಂದರು. ಬೈಯುವ ದನಿ ಅಲ್ಲ. ನಿಜವಾಗಿ ಕೇಳಿದ್ದು. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ರಾತ್ರಿ ಪುಸ್ತಕ ತೆಗೆದು ಅದೇ ಪುಟ ಮತ್ತೆ ಓದಿದೆ. ಮಾತಿನ ಸಾಲು ಅಲ್ಲೇ ಇತ್ತು. ಮುಖವಾಡ ಹಾಕಿಕೊಂಡು "ನಾನು ಯಾರು? ನನಗೆ ಬಾಲ ಇದೆಯಾ?" ಅಂತ ಒಬ್ಬರನ್ನೊಬ್ಬರು ಕೇಳಬೇಕು. ಪಾಠ ಅಂದರೆ ಆ ಪ್ರಶ್ನೆಗಳೇ. ಮುಖವಾಡ ಬರೀ ನೆಪ. ನಾನು ನೆಪವನ್ನು ಪೂರ್ತಿ ಮಾಡಿಸಿ, ಪಾಠ ಶುರುವಾಗುವ ಹೊತ್ತಿಗೆ ಬೆಲ್ ಹೊಡೆಸಿಕೊಂಡಿದ್ದೆ.

ಆಮೇಲಿಂದ ಮೊದಲು ಮಾತಿನ ಸಾಲು ಓದುತ್ತೇನೆ. ಆ ಮಾತು ನಮ್ಮ ಮಕ್ಕಳಿಗೆ ಬೇಕಾ? ಒಂದು ಪೀರಿಯಡ್‌ನಲ್ಲಿ ಒಂದು ಮಗುವಿನ ಬಾಯಲ್ಲಿ ಎಷ್ಟು ಸಲ ಬರುತ್ತದೆ? ಎರಡಕ್ಕೂ ಉತ್ತರ ಚೆನ್ನಾಗಿದ್ದರೆ ಆ ಚಟುವಟಿಕೆ ಇಟ್ಟುಕೊಂಡು ಮಿಕ್ಕಿದ್ದೆಲ್ಲ ಬದಲಾಯಿಸುತ್ತೇನೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಮಕ್ಕಳಿಗೆ "ಹ್ಯಾವ್" ಅನ್ನುವ ಪದ ಭಾಳ ಕಷ್ಟ. ಪೆನ್ಸಿಲ್ ಇದೆಯಾ ಅಂತ ಕೇಳಿದರೆ "ಪೆನ್ಸಿಲ್ ಈಸ್ ದೇರ್ ಮಿಸ್" ಅನ್ನುತ್ತಾರೆ. ಯಾಕೆ ಅಂತ ಯೋಚಿಸಿದರೆ ಗೊತ್ತಾಗುತ್ತೆ. ನಾವು "ನನ್ನ ಹತ್ರ ಇದೆ" ಅನ್ನುತ್ತೇವೆ. ತೆಲುಗಿನವರು "ನಾ ದಗ್ಗರ", ತಮಿಳಿನವರು "ಎನ್ ಕಿಟ್ಟ", ಉರ್ದುವಿನವರು "ಮೇರೆ ಪಾಸ್". ಕ್ಲಾಸಿನ ನಾಲ್ಕು ಮನೆಮಾತಿನಲ್ಲೂ ವಸ್ತು ನಮ್ಮ ಹತ್ತಿರ "ಇರುತ್ತೆ". ಇಂಗ್ಲಿಷಿನ ಹಾಗೆ ಅದಕ್ಕೊಂದು ಬೇರೆ ಕ್ರಿಯಾಪದ ಇಲ್ಲ. ಇದನ್ನು ಬೋರ್ಡ್ ಮೇಲೆ ಬರೆದು ಹತ್ತು ಸಲ ಹೇಳಿಸಿದರೆ ಬರಲ್ಲ.

ರಿಸೋರ್ಸ್ ಬುಕ್ಕಿನಲ್ಲಿ ಇದಕ್ಕೊಂದು ಇಸ್ಪೀಟಿನಂಥ ಆಟ ಇತ್ತು. ಒಂದೇ ಜಾತಿಯ ನಾಲ್ಕು ಕಾರ್ಡ್ ಸೇರಿಸಬೇಕು. ಬೇಕಾದ ಕಾರ್ಡನ್ನು ಪಕ್ಕದವರ ಹತ್ತಿರ ಕೇಳಿಯೇ ಪಡೆಯಬೇಕು. ಪುಸ್ತಕದ ಕಾರ್ಡ್‌ಗಳಲ್ಲಿ ನಮ್ಮ ಮಕ್ಕಳು ಕಂಡೇ ಇರದ ತರಕಾರಿಗಳು. ಬದನೆಕಾಯಿಗೆ ಇಂಗ್ಲೆಂಡಿನಲ್ಲಿ "ಆಬರ್ಜೀನ್" ಅಂತಾರೆ, ಆದರೆ ಇಲ್ಲಿ ಎಲ್ಲರೂ ಅನ್ನುವುದು "ಬ್ರಿಂಜಾಲ್". ಮನೆಯಲ್ಲಿದ್ದ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದಿನ ಖಾಲಿ ಜಾಗದಲ್ಲಿ ಬ್ರಿಂಜಾಲ್, ಬೀನ್ಸ್, ಕ್ಯಾರೆಟ್, ಬೀಟ್ರೂಟ್, ಆನಿಯನ್, ಟೊಮೆಟೊ ಬರೆದೆ. ಆರು ತರಕಾರಿ, ಒಂದೊಂದಕ್ಕೆ ನಾಲ್ಕು ಕಾರ್ಡ್. ಒಂಬತ್ತು ಗುಂಪಿಗೆ ಒಟ್ಟು 216 ಕಾರ್ಡ್. ಎರಡು ಭಾನುವಾರ ಹಿಡಿಯಿತು. ನಮ್ಮ ಅಮ್ಮನೂ ಕತ್ತರಿಸಿ ಕೊಟ್ಟರು.

"ಡು ಯು ಹ್ಯಾವ್ ಎ ಬ್ರಿಂಜಾಲ್?" "ನೋ, ಐ ಡೋಂಟ್." ಕಾರ್ಡ್ ಬೇಕಲ್ಲ, ಅದಕ್ಕೆ ಕೇಳಲೇಬೇಕು. ವರ್ಷವಿಡೀ ಬಾಯಿ ಬಿಡದ ಒಬ್ಬಳು ಹುಡುಗಿ ಇದ್ದಳು. ಅವಳ ಅಮ್ಮ ಗಾಡಿಯಲ್ಲಿ ತರಕಾರಿ ಮಾರುತ್ತಾರೆ. ನಾಲ್ಕನೇ ಬೀಟ್ರೂಟ್ ಯಾರ ಹತ್ತಿರ ಇದೆ ಅಂತ ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು. ಎದ್ದು ನಿಂತು ಕೈ ಚಾಚಿ ಜೋರಾಗಿ ಕೇಳಿದಳು. ಆ ದಿನ ಒಂದೇ ಗುಂಪಿನ ಪಕ್ಕ ಕೂತು ನಾನೇ ಗೀಟು ಎಳೆದೆ. ಹತ್ತು ನಿಮಿಷದಲ್ಲಿ 64.

ಬಿಟ್ಟುಬಿಟ್ಟ ಪುಟಗಳೂ ಬೇಕಾದಷ್ಟಿವೆ. "ಶಿಪ್", "ಶೀಪ್" ವ್ಯತ್ಯಾಸಕ್ಕೆ ಕೆಲವು ಪುಸ್ತಕಗಳು ಪುಟಗಟ್ಟಲೆ ಕೊಡುತ್ತವೆ. ನಮ್ಮ ಮಕ್ಕಳಿಗೆ ಅದು ಯಾಕೆ? ಇ, ಈ ಅವರಿಗೆ ಮನೆಯಿಂದಲೇ ಬಂದಿದೆ. ಆ ಹೊತ್ತನ್ನು "ಯೆಗ್ಗು" ಅನ್ನುವವರ ಬಾಯಲ್ಲಿ "ಎಗ್" ಬರಿಸಲು, "ಪೆನ್" ಮತ್ತು "ಪ್ಯಾನ್" ಬೇರೆ ಮಾಡಿಸಲು ಬಳಸುತ್ತೇನೆ. ಪುಸ್ತಕ ಬರೆದವರದ್ದು ತಪ್ಪಲ್ಲ, ಅವರ ಮುಂದೆ ಕೂತಿದ್ದ ಮಕ್ಕಳು ಬೇರೆ.

ಇಷ್ಟೆಲ್ಲ ಆದ ಮೇಲೆ ಗೀಟು ಎಣಿಸುವುದೇ ನನಗೊಂದು ಚಟ ಆಗಿತ್ತು. ಅದನ್ನು ಸ್ವಲ್ಪ ಸಡಿಲ ಮಾಡಿದ್ದು ಇಂಗ್ಲಿಷ್ ಕಲಿಸುವ ವಿಧಾನದ ತಜ್ಞ ಎನ್.ಎಸ್. ಪ್ರಭು ಅವರ ಕೆಲಸದ ಬಗ್ಗೆ ಓದಿದ ಮೇಲೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ಮತ್ತು ಜೊತೆಗಾರರು ಒಂದು ಪ್ರಯೋಗ ನಡೆಸಿದರು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಅದು "ಬ್ಯಾಂಗಲೋರ್ ಪ್ರಾಜೆಕ್ಟ್" ಅಂತಲೇ ಪ್ರಸಿದ್ಧ. ನಮ್ಮೂರಿನ ಹೆಸರು ಹೊತ್ತ ಈ ಕೆಲಸದ ಬಗ್ಗೆ ನಾನು ಇಷ್ಟು ತಡವಾಗಿ ಓದಿದೆನಲ್ಲ ಅಂತ ಬೇಜಾರಾಯಿತು. ರೈಲಿನ ವೇಳಾಪಟ್ಟಿ, ಮ್ಯಾಪು ಇಂಥವನ್ನು ಕೊಟ್ಟು ಲೆಕ್ಕ ಬಿಡಿಸಿದ ಹಾಗೆ ಬಿಡಿಸಲು ಹೇಳುತ್ತಿದ್ದರು. ಮೊದಲು ಟೀಚರ್ ಇಡೀ ಕ್ಲಾಸಿನ ಜೊತೆ ಒಂದನ್ನು ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಮಾಡುವುದು. ಮಗು ಒಂದೇ ಪದದಲ್ಲಿ ಉತ್ತರ ಕೊಟ್ಟರೂ ಸರಿ. ಅದರ ತಲೆ ಅರ್ಥದ ಹಿಂದೆ ಓಡುತ್ತಿರಬೇಕು. ಗುಂಪು ಮಾಡಿ ಬೆಂಚು ಎಳೆದಾಡುವ ಗಲಾಟೆಯೂ ಇಲ್ಲ. 38 ಮಕ್ಕಳ ಕ್ಲಾಸಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಇಕ್ಕಟ್ಟು ರೂಮಿನಲ್ಲಿ ಪಾಠ ಮಾಡಿದವರಿಗೆ ಗೊತ್ತು.

ಈಗ ಗೀಟು ಎರಡು ಥರ ಎಳೆಯುತ್ತೇನೆ. ಮಾತಾಡಿದ್ದಕ್ಕೆ ಒಂದು, ಕೇಳಿ ಅರ್ಥ ಮಾಡಿಕೊಂಡು ಏನಾದರೂ ಮಾಡಿದ್ದಕ್ಕೆ ಇನ್ನೊಂದು.

ಹೋದ ತಿಂಗಳು ಬೋರ್ಡ್ ಮೇಲೆ ಮೆಟ್ರೋ ಹಸಿರು ಮಾರ್ಗ ಬರೆದೆ. ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಹೀಗೆ ಮೆಜೆಸ್ಟಿಕ್‌ವರೆಗೆ. ಪೀಣ್ಯದಲ್ಲಿ ಹತ್ತಿದೆ, ಮೂರನೇ ಸ್ಟಾಪಿನಲ್ಲಿ ಇಳಿದೆ, ಎಲ್ಲಿದ್ದೇನೆ? ಇಷ್ಟನ್ನೂ ಇಂಗ್ಲಿಷಿನಲ್ಲೇ ಕೇಳಿದೆ. ಬೆರಳಲ್ಲಿ ಎಣಿಸುತ್ತಾ "ಸೋಪ್ ಫ್ಯಾಕ್ಟರಿ!" ಅಂತ ಕೂಗಿದರು. ಎರಡನೇ ಸಲ ಕೇಳುವ ಹೊತ್ತಿಗೆ ಕಿಟಕಿ ಪಕ್ಕದ ಹುಡುಗ ಒಬ್ಬ, ರೈಲಿನಲ್ಲಿ ಬರುವ ಅದೇ ದನಿಯಲ್ಲಿ, "ನೆಕ್ಸ್ಟ್ ಸ್ಟೇಷನ್ ಈಸ್ ಯಶವಂತಪುರ" ಅಂದ. ನಾನು ಹೇಳಿಕೊಟ್ಟಿರಲಿಲ್ಲ. ಪಕ್ಕದವಳು ಅದನ್ನೇ ಹಿಡಿದು "ನೆಕ್ಸ್ಟ್ ಸ್ಟೇಷನ್ ಈಸ್ ರಾಜಾಜಿನಗರ" ಅಂದಳು. "ಇಲ್ಲ ಕಣೇ, ಮಧ್ಯ ಮಹಾಲಕ್ಷ್ಮಿ ಇದೆ" ಅಂತ ಹಿಂದಿನ ಬೆಂಚಿನವರು ಜಗಳಕ್ಕೆ ಬಂದರು. ಆ ಜಗಳವನ್ನೂ ಇಂಗ್ಲಿಷಿನಲ್ಲಿ ಆಡಿಸುವುದು ಹೇಗೆ ಅಂತ ಈ ವಾರ ಪುಸ್ತಕ ತಿರುವಿ ಹಾಕುತ್ತಿದ್ದೇನೆ.